ಐಸ್ ಗಾಡಿ ಕುದುರೆಯ ಮೂವತ್ತು ಸೆಕೆಂಡು

ಮಿಲ್ವಾಕಿಯಿಂದ ಬಂದ ಆ ಬಿಳಿಯ ಮೇಷ್ಟರು ಬಾಗಿಲಲ್ಲಿ ನಿಂತು ‘ಮಿಸ್ಟರ್ ಬಿಗ್ಗರ್ಸ್’ ಎಂದಾಗಲೇ ರೋಸ್ಕೋ ಬಿಗ್ಗರ್ಸ್ ಬಾಗಿಲನ್ನು ಅರ್ಧಕ್ಕೇ ತಡೆದು ಹಿಡಿದ. ಐವತ್ತೆಂಟು ವರ್ಷದ ಬಾಳಿನಲ್ಲಿ ಬಿಳಿಯರು ಅವನನ್ನು ಹಾಗೆ ಕರೆದದ್ದು ಎರಡೇ ಸಲ. ಒಮ್ಮೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು, ಇನ್ನೊಮ್ಮೆ ಹಲ್ಲು ಕೀಳುವ ಮೊದಲು. ಮರ್ಯಾದೆ ಕೊಟ್ಟು ಕರೆದರೆ ಏನೋ ಕಿತ್ತುಕೊಳ್ಳಲೇ ಬಂದಿದ್ದಾರೆ ಎಂದು ಶಿಕಾಗೊದ ದಕ್ಷಿಣ ಭಾಗದ ಕರಿಯರ ಕೇರಿಗಳಲ್ಲಿ ಹುಟ್ಟಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೇಷ್ಟರ ಹೆಸರು ನಾರ್ಬರ್ಟ್ ಹೌಕ್. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳುವ, ತೆಳ್ಳಗಿನ, ಮಾತಿಗೊಮ್ಮೆ ಕನ್ನಡಕ ಒರೆಸುವ ಮನುಷ್ಯ. ಹಳೆಯ ಜಾಝ್ ರೆಕಾರ್ಡುಗಳೆಂದರೆ ಪ್ರಾಣ. ಯಾವ ರೆಕಾರ್ಡು ಯಾವ ದಿನ ತಯಾರಾಯಿತು, ಅದರಲ್ಲಿ ಯಾರು ಯಾರು ಏನೇನು ನುಡಿಸಿದರು ಎಂದು ಹನ್ನೊಂದು ವರ್ಷದಿಂದ ಗುಡ್ಡೆ ಹಾಕಿಕೊಂಡು, ಈಗ ಅದನ್ನೆಲ್ಲ ದಪ್ಪ ಪುಸ್ತಕ ಮಾಡಿ ಅಚ್ಚಿಗೆ ಕೊಡುವುದರಲ್ಲಿದ್ದರು. ಬಂದದ್ದು ಒಂದೇ ರೆಕಾರ್ಡಿಗಾಗಿ. ಸಾವಿರದ ಒಂಬೈನೂರ ಮೂವತ್ತೊಂಬತ್ತರ ‘ಐಸ್ ಗಾಡಿ ಕುದುರೆ’ ಎಂಬ ಹಾಡು.

ರೋಸ್ಕೋನ ಹೆಂಡತಿ ಒಡೆಸ್ಸಾ ಮೇಷ್ಟರ ಮುಂದೆ ಸಿಹಿಗೆಣಸಿನ ಪೈ ಇಟ್ಟು, ತಾನೂ ಸೋಫಾದ ತುದಿಯಲ್ಲಿ ಕೂತಳು. ಅವಳ ಮುಖ ಅರಳಿತ್ತು. ಆ ಹಾಡು ಅವಳ ಸ್ವತ್ತು. ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸಿನಲ್ಲಿ ಅದನ್ನು ಕೇಳಿ ಕೇಳಿ, ನಡುವೆ ಮೂವತ್ತು ಸೆಕೆಂಡು ಒಂಟಿಯಾಗಿ ಬರುವ ಆ ಸ್ಯಾಕ್ಸೊಫೋನ್ ಸೋಲೋ ಊದಿದವನು ಯಾರೆಂದು ಹುಡುಕಿಕೊಂಡು ಬಂದು, ಆಮೇಲೆ ಅವನನ್ನೇ ಮದುವೆಯಾದವಳು ಅವಳು. ಚರ್ಚಿನ ಹೆಂಗಸರಿಗೆ ಈ ಕಥೆ ಬಾಯಿಪಾಠವಾಗಿತ್ತು. ಒಡೆಸ್ಸಾ ಶುರು ಮಾಡಿದರೆ ಅವರು ಕೈಚೀಲ ಎತ್ತಿಕೊಂಡು ಎದ್ದೇಳುತ್ತಿದ್ದರು.

“ಬರ್ಕೊಳ್ಳಿ ಮೇಷ್ಟ್ರೇ,” ಎಂದಳು. “ಈ ಬೀದಿಯ ಕ್ಷೌರದಂಗಡಿಯವನು ಇವತ್ತಿಗೂ ಅದನ್ನ ಶಿಳ್ಳೆ ಹಾಕ್ತಾನೆ. ಇವರು ಒಳಗೆ ಹೋದ್ರೆ ಕತ್ತರಿ ಕೆಳಗಿಟ್ಟು ಸಲಾಮ್ ಹೊಡೀತಾನೆ.”

“ಬರೆದೇ ಇಟ್ಟಿದ್ದೀನಿ ಅಮ್ಮಾ,” ಎಂದು ಮೇಷ್ಟರು ಹಾಳೆ ತೆಗೆದರು. “ಸ್ಯಾಕ್ಸೊಫೋನ್ ಸೋಲೋ, ರೋಸ್ಕೋ ಬಿಗ್ಗರ್ಸ್. ಇವರ ಬಾಯಿಂದ ಒಂದು ಹೂಂ ಅಂತ ಬಂದ್ರೆ ಸಾಕು, ಅಚ್ಚಿಗೆ ಹೋಗುತ್ತೆ. ಉಳಿದವರ ಹೆಸರೆಲ್ಲ ಸಿಕ್ಕಿವೆ. ಗಿಟಾರಿನವನೊಬ್ಬಂದು ಮಾತ್ರ ಸಿಕ್ಕಿಲ್ಲ. ಗೊತ್ತಿಲ್ಲ ಅಂತ ಹಾಕ್ಬಿಡ್ತೀನಿ. ಹೇಗೂ ಆ ರೆಕಾರ್ಡಲ್ಲಿ ಗಿಟಾರ್ ಕೇಳ್ಸೋದೇ ಇಲ್ಲ.”

ಆ ಕೊನೆಯ ಮಾತು ರೋಸ್ಕೋನ ಎದೆಗೆ ನಾಟಿತು. ಹೂಂ ಎಂದು ಬಿಡಲು ನಾಲಿಗೆ ತುದಿಗೆ ಬಂದಿತ್ತು. ಇಪ್ಪತ್ತೆರಡು ವರ್ಷದಿಂದ ಅಂಥದೊಂದು ಹೂಂ ಮೇಲೆಯೇ ಅವನ ಮಾನ, ಮದುವೆ, ಮೊಹಲ್ಲಾದ ಮರ್ಯಾದೆ ಎಲ್ಲವೂ ನಿಂತಿತ್ತು. ಆದರೆ ಗಿಟಾರ್ ಕೇಳಿಸುವುದೇ ಇಲ್ಲವಂತೆ! ಆ ರೆಕಾರ್ಡಿನಲ್ಲಿ ಕೇಳಬೇಕಾದ್ದು ಅದೊಂದೇ.

ನಡೆದದ್ದು ಇಷ್ಟು. ಹರ್ಮನ್ ಡ್ಯೂಬೋಸನ ಹತ್ತು ಜನರ ಬ್ಯಾಂಡು ರೆಕಾರ್ಡಿಂಗಿನ ದಿನ ಸ್ಟುಡಿಯೋದಲ್ಲಿ ನಾಲ್ಕು ಹಾಡು ಮುಗಿಸಬೇಕಿತ್ತು. ಕೊನೆಯ ಹಾಡಿಗೆ ಇಪ್ಪತ್ತು ನಿಮಿಷ ಉಳಿದಿದ್ದಾಗ ರೋಸ್ಕೋನ ಸ್ಯಾಕ್ಸೊಫೋನಿನ ಒಂದು ಸ್ಪ್ರಿಂಗು ಪಟ್ಟೆಂದು ಮುರಿದು ಊದಲಾಗದಂತಾಯಿತು. ಹಾಳೆಯಲ್ಲಿ ಬರೆದದ್ದು ಅವನ ಸೋಲೋ. ಡ್ಯೂಬೋಸ್ ಕೆಂಡಾಮಂಡಲವಾಗಿ ಸುತ್ತ ನೋಡಿದ. ಮೂಲೆಯಲ್ಲಿ ಲೆಮ್ಯುಯೆಲ್ ಸ್ಟ್ರೋಥರ್ ಕೂತಿದ್ದ. ಅರ್ಕನ್ಸಾದಿಂದ ಬಂದ, ಪೀಚಲು ದೇಹದ, ಮಾತು ಕಡಿಮೆಯ ಗಿಟಾರಿನವನು. ಹಳೆಯ ರೇಡಿಯೋ ಬಿಚ್ಚಿ, ಟೆಲಿಫೋನಿನ ಅಯಸ್ಕಾಂತ ಕಿತ್ತು, ತನ್ನ ಗಿಟಾರಿಗೆ ತಾನೇ ಕರೆಂಟು ಕೊಟ್ಟುಕೊಂಡಿದ್ದ. ಆ ಊರಿನಲ್ಲಿ ಅಂಥದ್ದನ್ನು ಕಂಡವರು ಬೆರಳೆಣಿಕೆಯ ಜನ. ‘ಆ ಜಾಗ ನೀನು ತುಂಬು’ ಎಂದ ಡ್ಯೂಬೋಸ್. ರೆಕಾರ್ಡಿಂಗಿನವನು ಗಾಬರಿ ಬಿದ್ದ. ಆ ಸದ್ದಿಗೆ ಮೇಣದ ತಟ್ಟೆ ಕೊರೆಯುವ ತನ್ನ ಸೂಜಿ ಎಗರಿಬಿಡುತ್ತದೆಂದು ಲೆಮ್‌ನ ಸ್ಪೀಕರಿನ ಪೆಟ್ಟಿಗೆಯನ್ನು ಹೊರಗಿನ ಓಣಿಯಲ್ಲಿ ಗೋಡೆಗೆ ಮುಖ ಮಾಡಿಸಿ ಇಟ್ಟು, ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಿಟ್ಟ. ತಂತಿಯ ಚೂಪೆಲ್ಲ ಗೋಡೆಗೆ ಬಡಿದು ಉದುರಿತು. ಮೈಕಿಗೆ ಬಂದದ್ದು ದಪ್ಪನೆಯ, ದುಂಡನೆಯ, ತುಸು ಗೊಗ್ಗರು ದನಿ. ಗಿಟಾರು ಹೀಗೆ ಎದ್ದು ನಿಂತು ಮಾತಾಡಬಹುದೆಂದು ಜನಕ್ಕೆ ಗೊತ್ತೇ ಇರಲಿಲ್ಲ. ಗೊತ್ತಿದ್ದದ್ದು ಸ್ಯಾಕ್ಸೊಫೋನು, ಅದನ್ನೇ ಕೇಳಿದರು.

ಮೊದಲ ಸಲ ಯಾರೋ ಬೆನ್ನು ತಟ್ಟಿದಾಗ ರೋಸ್ಕೋ ಬಾಯಿ ತೆರೆದಿದ್ದ, ನಿಜ. ಆದರೆ ಅಷ್ಟರಲ್ಲಿ ವಿಸ್ಕಿ ಬಂತು. ಎರಡನೆಯ ಸಲ ರೇಡಿಯೋದವನು ಕೇಳಿದ, ‘ಅದು ಹೇಗೆ ಹೊಳೀತು ನಿಮಗೆ?’ ಎಂದು. ‘ಅದೇನೋ, ಬಂತು’ ಎಂದುಬಿಟ್ಟ. ಸುಳ್ಳು ಹೇಳಲು ಎಷ್ಟು ಕಡಿಮೆ ಶ್ರಮ ಸಾಕೆಂದು ಅವನಿಗೆ ಅಂದೇ ತಿಳಿದದ್ದು. ಆಮೇಲೆ ಯುದ್ಧ ಬಂತು, ಬ್ಯಾಂಡು ಒಡೆಯಿತು, ಡ್ಯೂಬೋಸ್ ಸತ್ತ. ರೋಸ್ಕೋ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಹಿಡಿದ. ಲೆಮ್ ಮಾತ್ರ ನುಡಿಸುತ್ತಲೇ ಇದ್ದ. ದಿನಕ್ಕೆರಡು ಮೂರು ಸ್ಟುಡಿಯೋ. ಬ್ಲೂಸ್ ಹಾಡುವವರ ಹಿಂದೆ, ಭಜನೆಯವರ ಹಿಂದೆ, ಸಾಸೇಜಿನ ಜಾಹೀರಾತಿನ ಹಿಂದೆ. ಹೆಸರು ಎಲ್ಲೂ ಇಲ್ಲ.

“ಮೇಷ್ಟ್ರೇ,” ಎಂದ ರೋಸ್ಕೋ. “ಅದು ನಾನಲ್ಲ.”

“ಏನು ನೀವಲ್ಲ?”

“ಆ ಸೋಲೋ. ಅದು ಸ್ಯಾಕ್ಸೊಫೋನೇ ಅಲ್ಲ. ಗಿಟಾರು. ಲೆಮ್ ಸ್ಟ್ರೋಥರ್ ಅಂತ ನನ್ನ ಗೆಳೆಯ. ಕರೆಂಟಿನ ಗಿಟಾರಲ್ಲಿ ನುಡಿಸಿದ್ದು.”

ಮೇಷ್ಟರು ಕನ್ನಡಕ ಒರೆಸಿಕೊಂಡು ನಸುನಕ್ಕರು. ನಂಬಿದ ನಗುವಲ್ಲ. “ದೊಡ್ಡವರು ನೀವು. ಬಡ ಗೆಳೆಯನ ಹೆಸರು ಉಳೀಲಿ ಅಂತ ಹೇಳ್ತಿದ್ದೀರಿ. ಆದ್ರೆ ನೋಡಿ, ಡ್ಯೂಬೋಸ್ ಮನೆಯವರು ಕೊಟ್ಟ ಅವತ್ತಿನ ಸ್ವರದ ಹಾಳೆ ನನ್ನ ಹತ್ರ ಇದೆ. ಇಲ್ಲಿ ಸ್ಪಷ್ಟವಾಗಿ ಬರ್ದಿದೆ, ಸ್ಯಾಕ್ಸೊಫೋನ್, ಬಿಗ್ಗರ್ಸ್. ನಾನು ಅದನ್ನ ಸಾವಿರ ಸಲ ಕೇಳಿದ್ದೀನಿ. ಗಿಟಾರ್ ಅಂದ್ರೆ ನನಗೆ ಗೊತ್ತಾಗಲ್ವೇ?”

ರೋಸ್ಕೋ ಸ್ಪ್ರಿಂಗಿನ ಕಥೆ ಹೇಳಿದ, ಓಣಿಯ ಕಥೆ ಹೇಳಿದ. ಹೇಳಿದಷ್ಟೂ ಮೇಷ್ಟರ ಕಣ್ಣಿನಲ್ಲಿ ಗೌರವ ಹೆಚ್ಚುತ್ತಾ ಹೋಯಿತು. ಇಪ್ಪತ್ತೆರಡು ವರ್ಷ ಸುಳ್ಳನ್ನು ಎಲ್ಲರೂ ಗಟಗಟ ಕುಡಿದರು. ಈಗ ನಿಜ ಹೇಳಿದರೆ ಒಂದು ಗುಟುಕೂ ಇಳಿಯುತ್ತಿಲ್ಲ. ಓದಿದವರ ಮೊಂಡುತನವೇ ಬೇರೆ. ಕಾಗದದಲ್ಲಿ ಇದ್ದದ್ದನ್ನು ಮನುಷ್ಯ ಇಲ್ಲವೆಂದರೆ ಅವರಿಗೆ ಮನುಷ್ಯನ ಮೇಲೆಯೇ ಅನುಮಾನ.

ನಂಬಿದವಳು ಒಡೆಸ್ಸಾ ಒಬ್ಬಳೇ. ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಪೈ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು.

“ಮಿಸ್ಟರ್ ಬಿಗ್ಗರ್ಸ್,” ಎಂದಳು. ಅವಳು ಹಾಗೆ ಕರೆದರೆ ಮೇಷ್ಟರು ಕರೆದದ್ದಕ್ಕಿಂತ ಭಯ. “ಇಪ್ಪತ್ತು ವರ್ಷದಿಂದ ಕೇಳ್ತಿದೀನಿ, ಅದನ್ನ ಒಂದ್ಸಲ ಮನೇಲಿ ಊದು ಅಂತ. ಒಂದಿನ ತುಟಿ ನೋವು. ಒಂದಿನ ಪೀಪಿ ಸೀಳಿದೆ. ಒಂದಿನ ಪಕ್ಕದ್ಮನೆ ಮಗು ಮಲಗಿದೆ. ಆ ಮಗೂಗೆ ಈಗ ಮದುವೆ ಆಗಿದೆ ಕಣೋ!”

“ಡೆಸ್ಸಾ...”

“ಲೆಮ್ ಮನೆಗೆ ಬಂದಾಗೆಲ್ಲ ನಾನೇನಂತ ಕರೀತಿದ್ದೆ? ಬಂದ ನೋಡಪ್ಪ ಟಿಣ್‌ಟಿಣಿ ಅಂತ. ನಿನ್ನ ಎದುರಿಗೇ. ನೀನು ಪಕ್ಕದಲ್ಲಿ ಕೂತು ನಕ್ಕೆ. ಅವನೂ ನಕ್ಕ.” ಅವಳ ದನಿ ಒಡೆಯಿತು. “ನನ್ನ ಬಾಯಲ್ಲಿ ಆ ಮಾತು ಬರ್ಸಿದ್ದಕ್ಕೆ ನಿನಗೆ ನಾಚಿಕೆ ಆಗ್ಬೇಕು. ಏಳು, ಟೋಪಿ ಹಾಕ್ಕೋ. ಈ ಮೇಷ್ಟ್ರನ್ನ ಈಗ್ಲೇ ಲೆಮ್ ಹತ್ರ ಕರ್ಕೊಂಡು ಹೋಗು. ನನ್ನ ಮುಖ ಆಮೇಲೆ ನೋಡು.”

ಇಬ್ಬರೂ ಹೌಕ್ ಮೇಷ್ಟರ ಕಾರಿನಲ್ಲಿ ಹೊರಟರು. ಹಳೆಯ ಗೋದಾಮೊಂದರ ಮಹಡಿಯ ಮೇಲಿನ ಸ್ಟುಡಿಯೋದಲ್ಲಿ ಲೆಮ್ ಅವತ್ತು ಚರ್ಚಿನ ಹಾಡುಗಾರ್ತಿಯೊಬ್ಬಳ ಹಿಂದೆ ನುಡಿಸುತ್ತಿದ್ದ. ಇಬ್ಬರೂ ಗಾಜಿನ ಈಚೆ ಬೆಂಚಿನ ಮೇಲೆ ಕೂತರು. ಒಳಗೆ, ನಾಲ್ಕು ಜನರ ಹಿಂದಿನ ಮೂಲೆಯಲ್ಲಿ, ಲೆಮ್ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಲೆಕ್ಕ ಬರೆಯುವ ಗುಮಾಸ್ತನ ಹಾಗೆ ಕೂತಿದ್ದ. ಗಿಟಾರಿನ ಮೇಲೆ ಬೆರಳು ಆಡುತ್ತಿದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ ಚಲನೆ.

ಹಾಡಿನ ನಡುವೆ ಆಕೆ ಆವೇಶ ಬಂದು ಒಂದು ಸಾಲು ಮುಂಚೆಯೇ ಎತ್ತಿಕೊಂಡುಬಿಟ್ಟಳು. ಪಿಯಾನೋದವನ ಹುಬ್ಬು ಮೇಲೇರಿತು. ಅಷ್ಟರಲ್ಲಿ ಲೆಮ್ ತಾನು ಹಿಡಿದದ್ದನ್ನು ಅರ್ಧದಲ್ಲೇ ಬಿಟ್ಟು ಅವಳ ಜಾಗಕ್ಕೆ ಸರಿದು, ಎರಡು ಸಣ್ಣ ಏಟಿನಲ್ಲಿ ಡ್ರಮ್ಮಿನವನಿಗೆ ದಾರಿ ತೋರಿಸಿದ. ಎಲ್ಲರೂ ಹಿಂದೆಯೇ ಬಂದರು. ಹಾಡು ಮೊದಲೇ ಹಾಗೆ ಇತ್ತೇನೋ ಎಂಬಂತೆ ಸಾಗಿತು. ತಾನು ತಪ್ಪಿದೆನೆಂದು ಆಕೆಗೆ ಗೊತ್ತಾಗಲೇ ಇಲ್ಲ.

“ಈಗ ಏನಾಯ್ತು, ಕೇಳಿಸ್ತಾ?” ಎಂದ ರೋಸ್ಕೋ.

“ಏನೂ ಆಗ್ಲಿಲ್ವಲ್ಲ,” ಎಂದರು ಮೇಷ್ಟರು.

“ಅದೇ ಮತ್ತೆ. ಏನೂ ಆಗದ ಹಾಗೆ ಮಾಡಿದ್ದು ಅವನು. ಇಪ್ಪತ್ತೈದು ವರ್ಷದಿಂದ ಈ ಊರಲ್ಲಿ ಚೆನ್ನಾಗಿ ಬಂತು ಅಂತ ಜನ ಹೇಳೋ ಅರ್ಧಕ್ಕರ್ಧ ಹಾಡು ಇವನು ಹೀಗೆ ಕೈಹಿಡಿದು ದಾಟಿಸಿದ್ದು. ಹಾಡಿದೋರು ಮಾಲೆ ಹಾಕಿಸ್ಕೋತಾರೆ. ಇವನು ಗಿಟಾರ್ ಪೆಟ್ಟಿಗೆ ಮುಚ್ಕೊಂಡು ಬಸ್ಸಿಗೆ ಓಡ್ತಾನೆ.” ಹೇಳುತ್ತಾ ಹೇಳುತ್ತಾ ಅವನಿಗೇ ಹೊಟ್ಟೆ ಉರಿಯಿತು. ಈ ಮಾತನ್ನು ಅವನು ಯಾರ ಮುಂದೆಯೂ, ಲೆಮ್ ಮುಂದೆಯೂ, ಒಂದು ಸಲವೂ ಆಡಿರಲಿಲ್ಲ. ಆಡಿದರೆ ಮುಂದಿನ ಮಾತು ‘ಐಸ್ ಗಾಡಿ ಕುದುರೆ’ ಆಗಿಬಿಡುತ್ತದೆಂದು ಹೆದರಿದ್ದ.

ಬಿಡುವು ಕೊಟ್ಟರು. ಉಳಿದವರು ಕಾಫಿಗೆ ಇಳಿದರು. ರೋಸ್ಕೋ ಮೇಷ್ಟರನ್ನು ಕರೆದುಕೊಂಡು ಒಳಗೆ ಹೋದ. ಲೆಮ್ ಅಲ್ಲೇ ಕೂತು ಮೇಣದ ಕಾಗದದಿಂದ ಹಂದಿಮಾಂಸದ ಸ್ಯಾಂಡ್‌ವಿಚ್ ಬಿಡಿಸುತ್ತಿದ್ದ.

“ಏನೋ ಅಂಚೆಯವನೇ, ಶನಿವಾರ ಕಾಗದ ಹಂಚೋಕೆ ಬಂದ್ಯಾ?” ಎಂದ. ಮೇಷ್ಟರನ್ನು ನೋಡಿ, “ಇದ್ಯಾರು, ನಿನ್ನ ವಕೀಲರಾ?”

“ಲೆಮ್, ನಾನು ಒಂದು ಮಾತು ಹೇಳ್ಬೇಕು. ತಿನ್ನೋದು ನಿಲ್ಸಿ ಕೇಳು.”

“ತಿಂತಾನೇ ಕೇಳಿಸುತ್ತೆ, ಹೇಳು.”

ರೋಸ್ಕೋ ನಿಂತುಕೊಂಡೇ ಹೇಳಿದ. “ಐಸ್ ಗಾಡಿ ಕುದುರೆ ಸೋಲೋ ನುಡಿಸಿದ್ದು ನೀನು. ಇಷ್ಟು ವರ್ಷ ನಂದು ಅಂತ ಹೇಳ್ಕೊಂಡು ತಿರುಗಿದೆ. ಅದರಿಂದ ನಂಗೆ ಎಲ್ಲ ಸಿಕ್ತು. ನಿನಗೆ ಏನೂ ಸಿಗಲಿಲ್ಲ. ನಾನು ಕಳ್ಳ ಕಣೋ. ತಪ್ಪಾಯ್ತು.”

ಲೆಮ್ ಅಗಿಯುವುದನ್ನು ನಿಲ್ಲಿಸಿದ. ಸಿಟ್ಟು ಬರುತ್ತದೆಂದು ರೋಸ್ಕೋ ಕಾದ. ಹೊಡೆದರೂ ಹೊಡೆಸಿಕೊಳ್ಳಲು ತಯಾರಾಗಿದ್ದ. ಆದರೆ ಲೆಮ್ ಹಣೆ ಗಂಟಿಕ್ಕಿ ಸೂರು ನೋಡಿದ.

“ಅದು ನಿಂದಲ್ವಾ?” ಎಂದ. “ನಾನೂ ನಿಂದೇ ಅಂದ್ಕೊಂಡಿದ್ದೆ.”

“ತಮಾಷೆ ಬೇಡ.”

“ತಮಾಷೆ ಎಲ್ಲಿ ಬಂತು? ಎಲ್ರೂ ನಿಂದು ಅಂದ್ರು, ನಾನೂ ಹೌದೇನೋ ಅಂದ್ಕೊಂಡೆ. ನನ್ನ ಮನೇಲಿ ರೆಕಾರ್ಡ್ ಪ್ಲೇಯರೇ ಇಲ್ಲ. ದಿನಕ್ಕೆ ಹತ್ತು ಹಾಡು ನುಡಿಸೋನು ನಾನು. ಬೆಳಗ್ಗೆ ನುಡಿಸಿದ್ದು ಸಂಜೆಗೆ ನೆನಪಿದ್ರೆ ಸಂಜೇದು ಕೆಟ್ಟುಹೋಗುತ್ತೆ. ಮೂವತ್ತೊಂಬತ್ತರದ್ದು ಎಲ್ಲಿಂದ ತರ್ಲಿ?”

ಮೇಷ್ಟರು ಪೆನ್ನಿನ ಮುಚ್ಚಳ ಹಾಕಿದರು. “ನೋಡಿದ್ರಾ, ಅವರೇ ಇಲ್ಲ ಅಂತಿದ್ದಾರೆ,” ಎಂದು ಮೆಲ್ಲಗೆ ರೋಸ್ಕೋನ ತೋಳು ಮುಟ್ಟಿದರು. “ಬನ್ನಿ, ನಿಮ್ಮ ದೊಡ್ಡ ಮನಸ್ಸನ್ನ ನಾನು ಮರೆಯಲ್ಲ.”

ರೋಸ್ಕೋ ಆ ಪೆನ್ನನ್ನೇ ನೋಡಿದ. ಬ್ಯಾಂಡಿನಲ್ಲಿ ಉಳಿದಿರುವವರು ತಾವಿಬ್ಬರೇ. ಆ ಮೂವತ್ತು ಸೆಕೆಂಡು ಯಾರದೆಂದು ಈ ಭೂಮಿಯ ಮೇಲೆ ಗೊತ್ತಿರುವುದು ಅದನ್ನು ಕದ್ದವನೊಬ್ಬನಿಗೆ. ಈಗ ಬಾಯಿ ಮುಚ್ಚಿದರೆ ಲೆಮ್‌ನ ಪಾಲಿಗೂ ಅದು ಹುಟ್ಟೇ ಇಲ್ಲ.

“ಒಂದು ನಿಮಿಷ ತಡೀರಿ,” ಎಂದ. ಕುರ್ಚಿ ಎಳೆದು ಲೆಮ್ ಎದುರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತ. “ಲೆಮ್, ಕೈ ಒರೆಸ್ಕೋ. ನಾನು ಹಾಡ್ತೀನಿ. ನೀನು ಹಿಂದೇನೇ ಬಾ.”

“ಬಿಡುವಲ್ಲೂ ದುಡಿಸ್ತೀಯಲ್ಲೋ,” ಎಂದು ಗೊಣಗುತ್ತಾ ಲೆಮ್ ಗಿಟಾರು ಎತ್ತಿಕೊಂಡ.

ರೋಸ್ಕೋ ಕಣ್ಣು ಮುಚ್ಚಿ ಹಾಡಿದ. ಪದವಿಲ್ಲ, ಬರೀ ದಾ ದೀ ದಾ. ಕುದುರೆ ಮೆಲ್ಲನೆ ಹೆಜ್ಜೆ ಹಾಕುವ ಮೊದಲ ತುಣುಕು. ಲೆಮ್ ಅದನ್ನು ನುಡಿಸಿದ. ಎರಡನೆಯದು, ಅದೇ ಹೆಜ್ಜೆ ಒಂದು ಮೆಟ್ಟಿಲು ಮೇಲೆ, ಕೊನೆಯಲ್ಲಿ ಜಾರಿ ಬೀಳುವಂತೆ ಮಾಡಿ ಬೀಳದೆ ನಿಲ್ಲುವುದು. ಲೆಮ್ ನುಡಿಸಿದ. “ಚೆನ್ನಾಗಿದೆಯಲ್ಲೋ,” ಎಂದ. “ಯಾವನೋ ತಲೆ ಇರೋನು ಮಾಡಿದ್ದು.”

“ನೀನೇ ಕಣೋ ಅವನು, ಮಂಕೇ!”

ಮೂರನೆಯದು ಉದ್ದ. ರೋಸ್ಕೋ ನಡುವೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಸ್ಯಾಕ್ಸೊಫೋನಿನಲ್ಲಿಯೂ ಅವನಿಗೆ ಅಲ್ಲೇ ದಮ್ಮು ಕಟ್ಟುತ್ತಿತ್ತು. ಬಾಗಿಲು ಹಾಕಿಕೊಂಡು, ಒಡೆಸ್ಸಾ ಚರ್ಚಿಗೆ ಹೋದಾಗ, ನೂರು ಸಲ ಪ್ರಯತ್ನಿಸಿ ನೂರು ಸಲವೂ ಸೋತಿದ್ದ. ಲೆಮ್ ಅದನ್ನು ಒಂದೇ ಎಳೆಯಲ್ಲಿ, ನೀರು ಸುರಿದಂತೆ, ಕೊನೆಯವರೆಗೆ ಎಳೆದ. ಕನ್ನಡಕ ತೆಗೆದು ಸ್ಯಾಂಡ್‌ವಿಚ್ಚಿನ ಪಕ್ಕ ಇಟ್ಟ.

ಕೊನೆಯ ತುಣುಕು ಉಳಿದಿತ್ತು. ಎಲ್ಲರೂ ಶಿಳ್ಳೆ ಹಾಕುವ ಹಾಗೆಯೇ ರೋಸ್ಕೋ ಅದನ್ನು ಹಾಡಿದ. ಮೇಲೆ ಹೋಗಿ ಒಂದೇ ಸ್ವರದ ಮೇಲೆ ನಿಂತ. ಮನುಷ್ಯನ ಗಂಟಲಿಗೆ ಅಷ್ಟೇ ಸಾಧ್ಯ.

ಲೆಮ್ ಮೇಲೆ ಹೋದ. ನಿಲ್ಲಬೇಕಾದ ಕಡೆ ಅವನ ಕಿರುಬೆರಳು, ಯಾರೂ ಹೇಳದೆ, ಪಕ್ಕದ ತಂತಿಗೂ ಚಾಚಿತು. ಒಂದಲ್ಲ, ಎರಡು ಸ್ವರ ಒಟ್ಟಿಗೆ ಎದ್ದವು. ಒಂದನ್ನೊಂದು ತುಸು ಉಜ್ಜುತ್ತಾ, ತುಸು ಜಗಳವಾಡುತ್ತಾ, ಆಮೇಲೆ ರಾಜಿಯಾಗಿ ಮೆಲ್ಲನೆ ಇಳಿದವು.

ಮೇಷ್ಟರು ಎದ್ದು ನಿಂತಿದ್ದರು. ಕೈಯಲ್ಲಿ ಅವರದೇ ಟಿಪ್ಪಣಿಯ ಹಾಳೆ. “ಒಂದು ಸ್ಯಾಕ್ಸೊಫೋನಲ್ಲಿ ಒಟ್ಟಿಗೆ ಎರಡು ಸ್ವರ ಬರಲ್ಲ. ಅದಕ್ಕೇ ಕೊನೇಲಿ ಎರಡನೇದು ಸೇರುತ್ತೆ ಅಂತ ಬರ್ದಿದ್ದೆ,” ಎಂದರು. “ಆ ಎರಡನೆಯವನು ಯಾರು ಅಂತ ಆರು ವರ್ಷದಿಂದ ಹುಡುಕ್ತಾ ಇದ್ದೆ. ಬಿಗ್ಗರ್ಸ್ ಅವರೇ, ನೀವು ಎರಡು ಸ್ವರ ಹಾಡ್ಲಿಲ್ಲ. ಇವರಿಗೆ ಯಾರು ಹೇಳಿದ್ರು?”

ಲೆಮ್ ತನ್ನ ಎಡಗೈಯನ್ನೇ, ಇನ್ನೂ ತಂತಿಯ ಮೇಲಿದ್ದ ಆ ಕಿರುಬೆರಳನ್ನೇ ನೋಡುತ್ತಿದ್ದ.

“ಅಯ್ಯೋ,” ಎಂದ ಮೆತ್ತಗೆ. “ಇದು ನಂದೇ.”

ಮೇಷ್ಟರು ಹಾಳೆಯನ್ನು ಗೋಡೆಗೆ ಒತ್ತಿ ರೋಸ್ಕೋನ ಹೆಸರಿನ ಮೇಲೆ ಗೆರೆ ಎಳೆದರು. ರೋಸ್ಕೋ ಅದನ್ನು ಕಣ್ಣಾರೆ ನೋಡಿದ. ನೋವಾಯಿತು, ಆಗಲಿಲ್ಲವೆಂದರೆ ಸುಳ್ಳು. ಮನೆಯಲ್ಲಿ ಒಡೆಸ್ಸಾ ಯಾವ ಮುಖ ಹೊತ್ತು ಕಾಯುತ್ತಿದ್ದಾಳೋ ಗೊತ್ತಿರಲಿಲ್ಲ. ಆದರೂ ಆ ಎರಡು ಸ್ವರ ಇನ್ನೂ ಕಿವಿಯಲ್ಲಿದ್ದವು. ಇಂಥದ್ದನ್ನು ಮಾಡಿದವನ ಎದುರು ಇಷ್ಟು ಹತ್ತಿರ ಕೂತಿದ್ದೇನಲ್ಲ ಎಂದು ಹೆಮ್ಮೆಯಿಂದ ಅವನ ಕಣ್ಣು ತುಂಬಿತು.

ಕಾಫಿಗೆ ಹೋದವರು ಮೆಟ್ಟಿಲು ಹತ್ತಿ ಬಂದರು. ಗಾಜಿನ ಆಚೆಯಿಂದ ಸ್ಟುಡಿಯೋದವನು ಚಪ್ಪಾಳೆ ತಟ್ಟಿ, “ಎಲ್ರೂ ಜಾಗಕ್ಕೆ ಬನ್ನಿ, ಶುರು ಮಾಡೋಣ,” ಎಂದ. ರೋಸ್ಕೋ ಕುರ್ಚಿ ಸರಿಸಿ ಏಳಲು ಹೋದ. ಲೆಮ್ ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಕೂರಿಸಿದ.

“ನನಗೆ ಎರಡು ನಿಮಿಷ ಬೇಕು,” ಎಂದ ಗಾಜಿನ ಕಡೆ ತಿರುಗಿ.

ಇಪ್ಪತ್ತೈದು ವರ್ಷದಲ್ಲಿ ಯಾವ ಸ್ಟುಡಿಯೋದಲ್ಲೂ ಲೆಮ್ಯುಯೆಲ್ ಸ್ಟ್ರೋಥರ್ ತನಗೆಂದು ಒಂದು ನಿಮಿಷ ಕೇಳಿದವನಲ್ಲ. ಹಾಡುಗಾರ್ತಿ ಬಾಗಿಲಲ್ಲೇ ನಿಂತಳು. ಪಿಯಾನೋದವನು ನಿಂತಲ್ಲೇ ಕೈ ಕಟ್ಟಿದ.

“ಮೊದಲಿಂದ ಹಾಡೋ,” ಎಂದ ಲೆಮ್. “ನಾನು ಸಂಜೆಗೆ ಮರೆತುಬಿಡ್ತೀನಿ. ನೀನು ಮರೀಬೇಡ.”

ರೋಸ್ಕೋ ಮೊದಲಿನಿಂದ ಹಾಡಿದ.